ಮೊದಲು ಹೊರಗೆ ಬಂದವಳು

ಅನಸುಬಾಯಿಯನ್ನು ಕಂಡವರೆಲ್ಲ ಅವಳನ್ನು ಪುಣ್ಯವಂತೆ ಎನ್ನುತ್ತಿದ್ದರು. ಹಾಗೆ ಎನ್ನುವವರ ಮೇಲೆ ನನಗೆ ಈಗಲೂ ಸಿಟ್ಟು ಬರುತ್ತದೆ. ಚಿಂಚೋಳಿಯ ಮಿಶನ್ ದವಾಖಾನೆಯಲ್ಲಿ ಕಂಡವರ ಮಲಮೂತ್ರ ಬಳಿದು, ಕಂಡವರ ಕೂಸುಗಳನ್ನು ಎತ್ತಿ ಆಡಿಸಿ, ಬಿಳಿ ಸೀರೆಯಲ್ಲೇ ಕೂದಲು ಬೆಳ್ಳಗಾದ ಹೆಂಗಸು ಅವಳು. ಪುಣ್ಯ ಅಷ್ಟು ರುಚಿಯಾಗಿದ್ದರೆ ಹೇಳುವವರೂ ಬಂದು ಒಂದಿಷ್ಟು ಬಳಿದುಕೊಳ್ಳಬಹುದಿತ್ತು. ಯಾರೂ ಬರಲಿಲ್ಲ.

ನನ್ನ ಹೆಸರು ತಾಜುನ್ನಿಸಾ. ಶಹಾಬಾದದ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯಲ್ಲಿ ದುಡಿದ ಮಜೀದಸಾಬನ ಮಗಳು. ಅನಸುಬಾಯಿಯ ಅಪ್ಪ ನಾಮದೇವ ಮತ್ತು ನನ್ನ ಅಬ್ಬಾ ಅದೇ ಖಣಿಯಲ್ಲಿ ಜೋಡಿ. ಒಬ್ಬ ಉಳಿ ಹಿಡಿದರೆ ಇನ್ನೊಬ್ಬ ಸುತ್ತಿಗೆ ಹೊಡೆಯಬೇಕು. ಹೊಡೆಯುವವನ ಮೇಲೆ ಹಿಡಿದವನಿಗೆ ನಂಬಿಕೆ ಇಲ್ಲದಿದ್ದರೆ ಕೈ ಉಳಿಯುವುದಿಲ್ಲ. ನಾಮದೇವ ಕಾಕಾನ ಮನೆತನ ಅವನ ಅಪ್ಪನ ಕಾಲಕ್ಕೇ ಕ್ರೈಸ್ತವಾಗಿತ್ತು, ಹೆಸರು ಮಾತ್ರ ಹಳೆಯವೇ ಉಳಿದಿದ್ದವು. ಅವನಿಗೆ ಓದಲು ಬರುತ್ತಿತ್ತು. ಮಧ್ಯಾಹ್ನ ರೊಟ್ಟಿ ಬಿಚ್ಚಿದಾಗ ಸತ್ಯವೇದದ ಕಥೆ ಹೇಳುತ್ತಿದ್ದ. ಅಬ್ಬಾನಿಗೆ ಬುತ್ತಿ ಒಯ್ದಾಗಲೆಲ್ಲ ನಾನೂ ಅನಸುಬಾಯಿಯೂ ಕೂತು ಕೇಳುತ್ತಿದ್ದೆವು.

ಅವನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಸತ್ಯವೇದದ ಹಳೆಯ ಭಾಗದ ಒಬ್ಬ ದಂಡನಾಯಕನ ಕಥೆ. ದಂಡನಾಯಕ ಯುದ್ಧಕ್ಕೆ ಹೊರಡುವಾಗ ಹರಕೆ ಹೊರುತ್ತಾನೆ: ಗೆದ್ದು ಬಂದರೆ, ನನ್ನ ಮನೆಯ ಬಾಗಿಲಿನಿಂದ ಯಾವುದು ಮೊದಲು ನನ್ನೆದುರು ಬರುತ್ತದೋ ಅದು ದೇವರಿಗೆ. ಗೆದ್ದು ಬರುತ್ತಾನೆ. ಬಾಗಿಲಿನಿಂದ ಕುಣಿಯುತ್ತ ಬಂದವಳು ಅವನ ಒಬ್ಬಳೇ ಮಗಳು. ಅವನು ಬಟ್ಟೆ ಹರಿದುಕೊಂಡು ಅಳುತ್ತಾನೆ, ಆದರೆ ಮಾತು ಹಿಂದೆ ತೆಗೆದುಕೊಳ್ಳುವುದಿಲ್ಲ. ಮಗಳು ಎರಡು ತಿಂಗಳ ಗಡುವು ಕೇಳಿ, ಗೆಳತಿಯರ ಸಂಗಡ ಬೆಟ್ಟಕ್ಕೆ ಹೋಗಿ, ತನಗೆ ಮದುವೆಯಾಗದೆ ಹೋಯಿತಲ್ಲ ಎಂದು ಅತ್ತು ತಿರುಗಿ ಬರುತ್ತಾಳೆ. ಅವನು ಹರಕೆ ತೀರಿಸುತ್ತಾನೆ. ಕಾಕಾ ಇದನ್ನು ಹೇಳುವಾಗ ಆ ಅಪ್ಪನ ಕಣ್ಣೀರನ್ನೇ ಹಿಗ್ಗಿಸಿ ಹಿಗ್ಗಿಸಿ ಹೇಳುತ್ತಿದ್ದ. ಆ ಮಗಳ ಹೆಸರೇನು ಎಂದು ನಾನೊಮ್ಮೆ ಕೇಳಿದೆ. "ಪುಸ್ತಕದಾಗ ಆಕಿ ಹೆಸರು ಬರದಿಲ್ಲವ್ವ" ಎಂದು ಇನ್ನೊಂದು ರೊಟ್ಟಿ ಮುರಿದ.

ಮೈಸೂರು ರಾಜ್ಯಕ್ಕೆ ನಾವು ಸೇರಿ ಐದಾರು ವರ್ಷವಾಗಿತ್ತು. ಆ ಮಳೆಗಾಲದಲ್ಲಿ ಒಂದು ಸಂಜೆ ಖಣಿಯ ದಂಡೆ ಕುಸಿಯಿತು. ಉಳಿದವರು ಓಡಿ ಮೇಲೆ ಬಂದರು. ಅಬ್ಬಾ ಮತ್ತು ನಾಮದೇವ ಕಾಕಾ ಒಂದು ದೊಡ್ಡ ಫರಸಿಯ ಕೆಳಗಿನ ಸಂದಿಯಲ್ಲಿ ಸಿಕ್ಕಿಬಿದ್ದರು. ಮರುದಿನ ಬೆಳಿಗ್ಗೆ ಅಬ್ಬಾನನ್ನು ಎಳೆದು ತೆಗೆದರು. ಕಾಕಾನ ಕಾಲು ಕಲ್ಲಿನಡಿ ಇದ್ದದ್ದರಿಂದ ಅವನನ್ನು ಬಿಡಿಸುವಾಗ ಮಧ್ಯಾಹ್ನವಾಯಿತು. ಅಬ್ಬಾ ನೇರ ನಮ್ಮ ಮನೆಗೆ ಬರಲಿಲ್ಲ. ಮೊದಲು ಕಾಕಾನ ಮನೆಗೆ ಹೋಗಿ, ಅವನ ಹೆಂಡತಿ ಪೀರಮ್ಮನಿಗೆ "ನಿನ್ನ ಗಂಡ ಜೀವಂತ ಅದಾನ" ಎಂದು ಹೇಳಿ, ಆಮೇಲೆ ಬಂದು ನಮ್ಮ ಅಂಗಳದಲ್ಲಿ ಬಿದ್ದು ನಿದ್ದೆ ಹೋದ. ಆ ಮನೆಯಲ್ಲಿ ಅವನು ಇನ್ನೇನು ಹೇಳಿದ್ದ ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ನಮ್ಮ ಕಡೆ ಸಾವಿನ ಬಾಯಿಂದ ತಿರುಗಿ ಬಂದವರನ್ನು ಹಾಗೆಯೇ ಒಳಗೆ ಕರೆದುಕೊಳ್ಳುವುದಿಲ್ಲ. ಮನೆಯ ಹೆಂಡತಿ ಹೊಸ್ತಿಲು ದಾಟಿ ಬಂದು, ತಂಬಿಗೆ ನೀರು ಮತ್ತು ರೊಟ್ಟಿಯ ತುಂಡನ್ನು ಅವರ ಮುಖದ ಮುಂದೆ ನಿವಾಳಿಸಿ, ನೀರು ಚೆಲ್ಲಿ, ತುಂಡನ್ನು ದೂರ ಒಗೆಯುತ್ತಾಳೆ. ಆ ತುಂಡನ್ನು ಮನುಷ್ಯರು ಮುಟ್ಟುವುದಿಲ್ಲ, ನಾಯಿ ತಿನ್ನಬೇಕು. ಹಿಂದೂ, ಮುಸಲ್ಮಾನ, ಕ್ರೈಸ್ತ, ಬೌದ್ಧ ಎಲ್ಲರ ಮನೆಯಲ್ಲೂ ಇದು ಒಂದೇ. ಕಾಕಾನನ್ನು ಚಕ್ಕಡಿಯಲ್ಲಿ ಮಲಗಿಸಿ ತಂದಾಗ ಓಣಿಗೆ ಓಣಿಯೇ ನೆರೆದಿತ್ತು, ನಾನೂ ಇದ್ದೆ. ಬಾಗಿಲಿನಿಂದ ತಂಬಿಗೆ ಹಿಡಿದು ಬಂದವಳು ಪೀರಮ್ಮನಲ್ಲ, ಅನಸುಬಾಯಿ. ಅಪ್ಪ ಬದುಕಿ ಬಂದ ಖುಷಿಗೆ ಅವಳು ಓಡಿಯೇ ಬಂದಳು, ಅರ್ಧ ನೀರು ದಾರಿಯಲ್ಲೇ ಚೆಲ್ಲಿತ್ತು.

ಕಾಕಾ ಅವಳನ್ನು ನೋಡಿ ಚಕ್ಕಡಿಯಲ್ಲೇ ಎದೆ ಬಡಿದುಕೊಂಡ. "ನನ್ನ ಕೊರಳು ಕೊಯ್ದಿ ಮಗಳ. ನಾ ದೇವರ ಮುಂದ ಬಾಯಿ ತೆರದೀನಿ" ಎಂದ. ಕಲ್ಲಿನಡಿ ಅವನೂ ಆ ದಂಡನಾಯಕನದೇ ಹರಕೆ ಹೊತ್ತಿದ್ದ ಎಂದು ಓಣಿಯವರಿಗೆ ತಿಳಿದದ್ದು ಆಗಲೇ. ಅನಸುಬಾಯಿ ಏನೂ ತಿಳಿಯದೆ ರೊಟ್ಟಿ ತುಂಡು ಹಿಡಿದು ನಿಂತಿದ್ದಳು. ಅವಳಿಗೆ ಹದಿನೇಳು ನಡೆಯುತ್ತಿತ್ತು. ವಾಡಿಯಲ್ಲಿ ರೈಲ್ವೆ ಗ್ಯಾಂಗಿನಲ್ಲಿದ್ದ ವಿಠೋಬಾನ ಜೊತೆ ಮದುವೆ ನಿಶ್ಚಯವಾಗಿತ್ತು.

ಮಗಳನ್ನು ಕೊಯ್ಯುವ ಕಾಲ ಅದಲ್ಲ, ಪೊಲೀಸರು ಇದ್ದಾರೆ. ಕೊಯ್ಯದೆ ಕೊಡುವುದು ಹೇಗೆ ಎಂದು ಕಾಕಾ ತಾನೇ ಲೆಕ್ಕ ಹಾಕಿದ. ಮದುವೆ ಮುರಿದ. ಮಗಳು ಸಾಯುವತನಕ ಮದುವೆ ಇಲ್ಲದೆ ರೋಗಿಗಳ ಸೇವೆ ಮಾಡಲಿ ಎಂದ. ಪುಸ್ತಕದಲ್ಲಿ ಎರಡು ತಿಂಗಳ ಗಡುವು ಇದೆಯೆಂದು ಅವಳನ್ನು ಎರಡು ತಿಂಗಳು ಐನಾಪುರದ ಚಿಕ್ಕಮ್ಮನ ಮನೆಗೆ ಅಳಲು ಕಳಿಸಿದ. ನಾನು ಹಟ ಮಾಡಿ ಒಂದು ವಾರ ಅವಳ ಸಂಗಡ ಹೋದೆ. ಅಲ್ಲಿ ಅಳಲು ಯಾರಿಗೆ ಪುರುಸೊತ್ತು? ನಾವು ಹೋದ ದಿನವೇ ಚಿಕ್ಕಮ್ಮ ಕೈಗೆ ಕುಡುಗೋಲು ಕೊಟ್ಟು ಕಳೆ ತೆಗೆಯಲು ಹೊಲಕ್ಕೆ ಅಟ್ಟಿದಳು. ಸಾಲಿನ ಕೊನೆಯಲ್ಲಿ ಕೂತು ಅನಸುಬಾಯಿ ಹೇಳಿದ ಒಂದು ಮಾತು ನನಗೆ ನೆನಪಿದೆ. "ದೇವರು ಅಷ್ಟು ಮಂದಿಯೊಳಗ ನನ್ನೇ ಆರಿಸ್ಯಾನ ಅಂದ್ರ ಏನೋ ಇರಬೇಕಲ್ಲ, ತಾಜೂ." ಆ ಮಾತಿನ ಮೇಲೇ ಅವಳು ಹದಿನಾರು ವರ್ಷ ಬದುಕಿದಳು.

ದವಾಖಾನೆಯವರಿಗೆ ಹರಕೆಯ ಸುದ್ದಿ ಗೊತ್ತಿರಲಿಲ್ಲ. ಬಡವರ ಹುಡುಗಿ ಆಯಾ ಕೆಲಸಕ್ಕೆ ಬಂದಳೆಂದು ಇಟ್ಟುಕೊಂಡರು. ಇತ್ತ ಕಾಕಾ ದೊಡ್ಡ ಮನುಷ್ಯನಾದ. ಕುಂಟುವ ಕಾಲಿನಲ್ಲಿ ಪ್ರಾರ್ಥನಾ ಮನೆಯ ಮುಂದಿನ ಸಾಲಿಗೆ ಬಂದ, ಹಿರಿಯನೆನಿಸಿಕೊಂಡ. ವರ್ಷಕ್ಕೊಮ್ಮೆ ಎದ್ದು ನಿಂತು ಖಣಿಯ ಕಥೆ, ಹರಕೆಯ ಕಥೆ ಹೇಳುತ್ತಿದ್ದ. ಕೇಳಲು ವಾಡಿ, ಚಿತ್ತಾಪುರದಿಂದಲೂ ಮಂದಿ ಬರುತ್ತಿದ್ದರು. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೋಗಿ ಪೀರಮ್ಮನ ಕೈ ಹಿಡಿಯುತ್ತಿದ್ದರು.

ನಾನು ಕಲಿತು ಮಾಸ್ತರಿಣಿಯಾಗಿ ಚಿಂಚೋಳಿಯ ಸರಕಾರಿ ಶಾಲೆಗೇ ಬಂದೆ. ಅನಸುಬಾಯಿ ಮತ್ತೆ ಹತ್ತಿರವಾದಳು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬಂದ ಕೆಲವು ವರ್ಷಕ್ಕೆ ವಿಠೋಬಾನ ಹೆಂಡತಿ ತೀರಿಕೊಂಡಳು. ಮಕ್ಕಳಿರಲಿಲ್ಲ. ಒಂದು ದಿನ ಅವನು ದವಾಖಾನೆಯ ಬೇವಿನ ಗಿಡದ ಕೆಳಗೆ ಬಂದು ನಿಂತು, ಮೊದಲಿನಂತೆಯೇ ನೆಲ ನೋಡುತ್ತ ಅನಸುಬಾಯಿಯನ್ನು ಮದುವೆಗೆ ಕೇಳಿದ. ಒಂದೇ ಷರತ್ತು ಅವನದು. "ದೇವರ ಪಾಲಿಂದು ನಾ ಮುಟ್ಟಂಗಿಲ್ಲ. ಒಬ್ಬಾಕಿನ್ನ ಮಣ್ಣಿಗಿ ಕೊಟ್ಟು ಬಂದೀನಿ, ನಂಗ ಅಂಜಿಕಿ ಅದ. ನಿಮ್ಮಪ್ಪ ಬಾಯಿ ಬಿಟ್ಟು 'ಬಿಟ್ಟೀನಿ' ಅಂದ್ರ ನಾಳಿನೇ ಮದುವಿ."

ಆ ರಾತ್ರಿ ಅವಳು ನನ್ನ ಮನೆಗೆ ಬಂದು ಊಟ ಮಾಡಿದಳು. ತನಗೆ ಮೂವತ್ತಮೂರು, ಇನ್ನೂ ಒಂದು ಕೂಸು ಆಗಬಹುದಲ್ಲ ಎಂದು ಕೇಳಿದಳು. ಆಗಬಹುದು ಎಂದೆ. ಅಷ್ಟು ವರ್ಷದಲ್ಲಿ ಅವಳು ತನಗಾಗಿ ಏನಾದರೂ ಬೇಕೆಂದು ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಅದೇ ತಿಂಗಳು ಎಜ್ರಾ ಎಂಬ ಪಾಸ್ಟರು ದವಾಖಾನೆಯ ಕೆಲಸಗಾರರಿಗೆ ಸತ್ಯವೇದದ ಪಾಠ ಹೇಳಲು ಬಂದರು. ಸೇಡಂ ಕಡೆಯವರೇ, ದೂರದಲ್ಲಿ ಸತ್ಯವೇದದ ಮೂಲ ಭಾಷೆಗಳಾದ ಇಬ್ರಿಯ, ಗ್ರೀಕ್ ಎಲ್ಲ ಓದಿ ಬಂದಿದ್ದರು, ಆದರೂ ಮಾತು ನಮ್ಮದೇ ಉಳಿದಿತ್ತು. ಕಥೆ ಎಂದರೆ ಎಲ್ಲಿಗಾದರೂ ಹೋಗಿ ಕೂರುವ ಚಟ ನನ್ನದು, ಆ ಮಧ್ಯಾಹ್ನ ನಾನೂ ಹೋಗಿ ಹಿಂದೆ ಕೂತೆ. ಅವರು ದಂಡನಾಯಕನ ಕಥೆಗೇ ಬಂದರು.

"ಈ ಕಥಿ ಇಬ್ರಿಯರಲ್ಲಿ ಅಷ್ಟೇ ಇಲ್ಲರಿ" ಎಂದರು. "ಸಮುದ್ರದ ಆಚಿ ಗ್ರೀಕರಲ್ಲೂ ಅದ. ಅಲ್ಲಿ ಒಬ್ಬ ರಾಜ ಯುದ್ಧ ಮುಗಿಸಿ ಬರೂಮುಂದ ಬಿರುಗಾಳಿಗಿ ಸಿಕ್ಕು, ದಂಡಿಗಿ ಹತ್ತಿದ್ರ ಮೊದಲು ಎದುರು ಬಂದವರನ್ನ ಕೊಡತೀನಿ ಅಂತಾನ. ಮಗ ಎದುರು ಬರ್ತಾನ. ಇನ್ನೊಬ್ಬನ ಹಡಗಕ್ಕ ಗಾಳಿನೇ ಬರಲಿಲ್ಲ. ಮಗಳಿಗಿ ಮದುವಿ ಮಾಡತೀನಿ ಅಂತ ಸುಳ್ಳು ಹೇಳಿ ಕರಸಿ, ಬಲಿ ಕೊಡಾಕ ನಿಲ್ಲಸ್ತಾನ. ಕತ್ತಿ ಎತ್ತಿದಾಗ ಅವರ ದೇವಿ ಹುಡುಗಿನ್ನ ಎತ್ತಿಕೊಂಡು, ಆ ಜಾಗಾದಾಗ ಒಂದು ಜಿಂಕಿ ಇಡ್ತಾಳ."

ಕಥೆ ಗ್ರೀಕರಿಂದ ಇಬ್ರಿಯರಿಗೆ ಬಂದಿರಬಹುದೇ ಎಂದು ಯಾರೋ ಕೇಳಿದರು. ಬಂದಿರಬಹುದು ಎಂದರು ಪಾಸ್ಟರು. ಆ ಸಮುದ್ರದ ದಂಡೆಯಲ್ಲಿ ಇಬ್ರಿಯರ ಜೊತೆ ಕಾದಾಡಿದವರು ಗ್ರೀಕರ ಕಡೆಯ ದ್ವೀಪಗಳಿಂದ ಬಂದವರಂತೆ, ಅವರ ಬೆನ್ನಿಗೆ ಕಥೆಗಳೂ ಬಂದಿರಬಹುದು. ಬಹಳ ಕಾಲದ ಮೇಲೆ ಗ್ರೀಕ್ ರಾಜರು ಆಳುವಾಗ ಸೇರಿರಬಹುದು ಎನ್ನುವವರೂ ಇದ್ದಾರೆ, ಎರಡೂ ಕಡೆ ತಾವೇ ಹುಟ್ಟಿಕೊಂಡವು ಎನ್ನುವವರೂ ಇದ್ದಾರೆ. ಖಾತ್ರಿ ಯಾರಿಗೂ ಇಲ್ಲ. "ಆದ್ರ ಒಂದು ಖಾತ್ರಿ" ಎಂದರು. "ದೇವರು ಆ ಹುಡುಗಿನ್ನ ಕೊಡು ಅಂತ ಕೇಳಿದ್ದು ಪುಸ್ತಕದಾಗ ಎಲ್ಲೂ ಇಲ್ಲ. ಬಾಯಿ ತೆರದಾಂವ ಅಪ್ಪ."

ಅನಸುಬಾಯಿ ಎದ್ದು ನಿಂತಳು. ಅವಳು ಸಭೆಯಲ್ಲಿ ಮಾತಾಡುವವಳಲ್ಲ. "ಅಯ್ಯನೋರ, ಅದೇ ಪುಸ್ತಕದಾಗ ಇನ್ನೊಬ್ಬಪ್ಪ ಮಗನ್ನ ಬಲಿ ಕೊಡಾಕ ಹೋದಾಗ ಟಗರು ಬಂತು. ಗ್ರೀಕರ ಹುಡುಗಿಗಿ ಜಿಂಕಿ ಬಂತು. ಇಕಿಗಿ ಯಾಕ ಏನೂ ಬರಲಿಲ್ಲರಿ?"

ಆ ಟಗರು ನಮ್ಮ ಬಕ್ರೀದಿನದು, ಅದು ನನಗೂ ಗೊತ್ತು. ಆದರೆ ಇಷ್ಟು ವರ್ಷ ಹಬ್ಬ ಮಾಡಿದರೂ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಪಾಠ ಮುಗಿದ ಮೇಲೆ ನಾನೇ ಪಾಸ್ಟರಿಗೆ ಅನಸುಬಾಯಿಯ ಹರಕೆಯ ಸಂಗತಿ ಹೇಳಿದೆ. ಅವರ ಮುಖ ಕಪ್ಪಿಟ್ಟಿತು. ಶಹಾಬಾದಕ್ಕೆ ತಾವೇ ಬಂದು ನಾಮದೇವಪ್ಪನ ಹತ್ತಿರ ಮಾತಾಡುತ್ತೇನೆ ಎಂದರು.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ನಾವು ಕಾಕಾನ ಮನೆಯಲ್ಲಿ ಕೂತೆವು: ಪಾಸ್ಟರು, ಅನಸುಬಾಯಿ, ವಿಠೋಬಾ, ನಾನು. ಅಬ್ಬಾನನ್ನೂ ನಾನೇ ಕರೆದುಕೊಂಡು ಬಂದಿದ್ದೆ, ಗೆಳೆಯನ ಮಾತಿಗಾದರೂ ಕಾಕಾ ಮೆತ್ತಗಾಗಲಿ ಎಂದು. ಪೀರಮ್ಮ ಒಳಗೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಪಾಸ್ಟರು ಬಂದ ಸುದ್ದಿ ಕೇಳಿ ಪ್ರಾರ್ಥನಾ ಮನೆಯವರು ಹತ್ತಾರು ಜನ ಬಾಗಿಲಲ್ಲೇ ನಿಂತರು.

ಪಾಸ್ಟರು ಗ್ರೀಕರ ಕಥೆ ಹೇಳಿದರು. ಗ್ರೀಕರೆಂದರೆ ಯೂನಾನಿಗಳೇ ಎಂದು ತಿಳಿದು ಅಬ್ಬಾನಿಗೆ ಭಾರಿ ಖುಷಿಯಾಯಿತು. "ಯೂನಾನಿ ಅಂದ್ರ ಹಕೀಮರ ದವಾ ಅಷ್ಟೇ ಅಂತ ತಿಳಕೊಂಡಿದ್ದೆ. ಕಥಿನೂ ಬರತಾವೇನು?" ಎಂದ. ಕಾಕಾ ನಗಲಿಲ್ಲ. ಹೊರಸು ಮಂಚದ ಮೇಲೆ ಕುಂಟುಗಾಲು ಚಾಚಿ ಕೂತು ಎಲ್ಲ ಕೇಳಿದ.

"ಕಥಿ ಯಾರದರೇ ಇರಲಿ ಅಯ್ಯನೋರ" ಎಂದ. "ಕಲ್ಲು ನನ್ನ ಮ್ಯಾಲ ಬಿದ್ದಿದ್ದು ಖರೆ. ನಾ ಬಾಯಿ ತೆರದಿದ್ದು ಖರೆ. ಮಗಳು ಮೊದಲು ಬಂದಿದ್ದೂ ಖರೆ. ನಾ ಆಕಿನ್ನ ಕರದಿದ್ದಿಲ್ಲ. ದೇವರೇ ಆರಿಸ್ಯಾನ. ದೇವರು ಆರಿಸಿದ್ದು ಬಿಡಾಕ ನಾ ಯಾರು?"

ಅಬ್ಬಾನ ನಗು ನಿಂತಿತು. ಅವನು ಒಳ್ಳೆಯದನ್ನೇ ಮಾಡಲು ಹೊರಟಿದ್ದ, ಅಷ್ಟು ಮಾತ್ರ ಹೇಳಬಲ್ಲೆ. "ನಾಮದೇವ, ಇಷ್ಟು ಖರೆ ಹೇಳಿದಿ, ಇನ್ನೊಂದು ಖರೆ ಯಾಕ ಬಿಟ್ಟಿ? ಕಲ್ಲಿನ ಬುಡಕ ನೀನೇ ನನಗ ಅಂದಿ, ಮನ್ಯಾಗ ಚಂದ್ರಿ ಅನ್ನೂ ಆಡ ಅದ, ನಾ ಸೊಪ್ಪು ತಪ್ಪಲಾ ತರತೀನಿ ಅಂತ ದಿನಾ ಅದೇ ಮೊದಲು ಓಡಿ ಬರತದ, ಆಡ ಕೊಟ್ರ ಆತು ಅಂತ. ನಿನ್ನ ಮನಸಿನಾಗ ಇದ್ದಿದ್ದು ಆಡ. ಮಗಳಲ್ಲ."

ಬಾಗಿಲಲ್ಲಿ ನಿಂತವರು ಒಬ್ಬರ ಮುಖ ಒಬ್ಬರು ನೋಡಿದರು. ಹದಿನಾರು ವರ್ಷ ಕಣ್ಣೊರೆಸಿಕೊಂಡ ಕಥೆಯಲ್ಲಿ ಆಡು ಎಂದೂ ಬಂದಿರಲಿಲ್ಲ. ಕಾಕಾ ತಲೆ ತಗ್ಗಿಸಿದ.

ಅಬ್ಬಾ ಅಲ್ಲಿಗೇ ನಿಲ್ಲಿಸಬಹುದಿತ್ತು. "ಅದಕ್ಕೇ ನಾ ಮೊದಲು ಇಲ್ಲಿಗೇ ಬಂದೆ. ಪೀರಮ್ಮಗ ಹೇಳಿದೆ, ಹಿಂಗಿಂಗ ಹರಕಿ ಹೊತ್ತಾನ, ಚಕ್ಕಡಿ ಬರೂಮುಂದ ಎಲ್ಲಾರೂ ಒಳಗ ಇರ್ರಿ, ಚಂದ್ರಿನ್ನ ಬಿಚ್ಚಿ ಬಿಡ್ರಿ ಅಂತ. ಆಮ್ಯಾಲ ಮಗಳು ಬಂದ್ಲು ಅಂತ ಕೇಳಿದಾಗ, ಆಡ ಮೇಯಾಕ ಹೋಗಿತ್ತೇನೋ ಅಂದಕೊಂಡೆ. ನಸೀಬು ಅಂದಕೊಂಡೆ."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

ಅನಸುಬಾಯಿ ನಿಧಾನವಾಗಿ ಎದ್ದು ಅಡುಗೆಮನೆಯ ಬಾಗಿಲಿಗೆ ಹೋದಳು. "ಅವ್ವ, ನಿವಾಳಿಸಾಕ ನೀ ಬರಬೇಕಿತ್ತು. ಹೇಣ್ತಿ ನೀನು. ನನ್ನ ಕೈಯಾಗ ಯಾಕ ತಂಬಗಿ ಕೊಟ್ಟಿ?" ಪೀರಮ್ಮ ಒಲೆಯ ಮೇಲಿನ ರೊಟ್ಟಿ ಮಗುಚಿದಳು. "ಅವತ್ತು ಚಂದ್ರಿ ಎಲ್ಲಿತ್ತವ್ವ?"

ಪೀರಮ್ಮ ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡಳು. "ಒಳಗ ಬೀಸೂಕಲ್ಲಿಗಿ ಕಟ್ಟಿದ್ದೆ" ಎಂದಳು. "ನಿನ್ನ ತಮ್ಮ ಸಿಮ್ಯಾ ಆಗ ಎಳಿ ಕೂಸು. ನನ್ನ ಎದಿ ಬತ್ತಿತ್ತು. ನಿನ್ನ ಹಿಂದ ಹುಟ್ಟಿದ್ದೆಲ್ಲಾ ಮಣ್ಣಿಗಿ ಹೋಗಿದ್ದವು, ಅದೊಂದು ಗಂಡು ಉಳದಿತ್ತು. ಚಂದ್ರಿ ಹಾಲಿನ ಮ್ಯಾಲೇ ಅದರ ಜೀವ. ಆಡ ಹ್ವಾದ್ರ ಕೂಸು ಹೋಗತಿತ್ತು. ನಾ ಹ್ವಾದ್ರ ಮನಿ ಹೋಗತಿತ್ತು." ಆಮೇಲೆ ತೀರ ಸಹಜವಾದ ದನಿಯಲ್ಲಿ ಹೇಳಿದಳು: "ನೀ ಹೆಂಗೂ ಮನಿ ಬಿಟ್ಟು ಹೋಗಾಕಿನೇ ಇದ್ದಿ."

ಅವಳನ್ನು ಹೊಡೆಯಬೇಕೆನಿಸಿತು ನನಗೆ. ಅದರ ಜೊತೆಗೇ ಅವಳ ಬತ್ತಿದ ಎದೆಯೂ ಕಣ್ಣ ಮುಂದೆ ಬಂತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಪಾಸ್ಟರು ಕಾಕಾನ ಕಡೆ ತಿರುಗಿದರು. "ಕೇಳಿದ್ರಲ್ಲ ನಾಮದೇವಪ್ಪ. ಇದು ದೇವರು ಆರಿಸಿದ್ದಲ್ಲ. ಹರಕಿ ಅವತ್ತೇ ಕೆಟ್ಟದ. ಒಂದು ಮಾತು ಹೇಳ್ರಿ, ಮಗಳನ್ನ ಬಿಟ್ಟೀನಿ ಅಂತ."

ವಿಠೋಬಾ ಕೂತಲ್ಲೇ ಮುಂದೆ ಬಾಗಿದ. ಕಾಕಾ ಹೆಂಡತಿಯನ್ನು ನೋಡಿದ, ಮಗಳನ್ನು ನೋಡಿದ. ಬಾಯಿ ತೆರೆದ, ಹೇಳಿಯೇ ಬಿಡುತ್ತಾನೆ ಎಂದುಕೊಂಡೆ. ಅಷ್ಟರಲ್ಲಿ ಅವನ ಕಣ್ಣು ಬಾಗಿಲಿಗೆ ಹೋಯಿತು. ಅಲ್ಲಿ ಅವನ ಪ್ರಾರ್ಥನಾ ಮನೆ ನಿಂತಿತ್ತು. ಬಿಟ್ಟೀನಿ ಎಂದರೆ, ಹದಿನಾರು ವರ್ಷ ಮಗಳನ್ನು ಸುಮ್ಮನೆ ಸುಟ್ಟೆ ಎಂದು ಅಷ್ಟೂ ಜನರ ಮುಂದೆ ಒಪ್ಪಿಕೊಂಡಂತೆ. ಅವನು ಬೆನ್ನು ನೆಟ್ಟಗೆ ಮಾಡಿಕೊಂಡ.

"ಆಡಿನ ಕೊರಳಿಗಿ ಹಗ್ಗ ಹಾಕಿಸಿದಾಂವನೂ ದೇವರೇ" ಎಂದ. "ಇಕಿ ಕೈಲೆ ಹಾಕಿಸ್ಯಾನ. ನಂಗ ಆಡ ಬ್ಯಾಡ, ಮಗಳು ಬೇಕು ಅಂದಾನ. ನಾ ಬಿಡಂಗಿಲ್ಲ."

ಬಾಗಿಲಲ್ಲಿ ಒಬ್ಬ ಮುದುಕ "ಆಮೆನ್" ಎಂದ. ವಿಠೋಬಾ ಎದ್ದು, ಚೀಲ ಹೆಗಲಿಗೆ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಸ್ಟೇಶನ್ನಿನ ದಾರಿ ಹಿಡಿದ. ಮುಂದಿನ ಬೇಸಿಗೆಯಲ್ಲಿ ಅವನು ಬೇರೆ ಮದುವೆಯಾದ ಸುದ್ದಿ ಬಂತು. ಗಂಡಸಿನ ಅಂಜಿಕೆಯೂ ಒಂದು ಅನುಕೂಲವೇ.

ನಾವು ಹೊರಡುವಾಗ ಪೀರಮ್ಮ ರೊಟ್ಟಿ ತುಂಡು ಮತ್ತು ತಂಬಿಗೆ ಹಿಡಿದು ಹೊಸ್ತಿಲು ದಾಟಿ ಬಂದಳು, ಮಗಳಿಗೆ ದೃಷ್ಟಿ ತೆಗೆಯಲು. ಈಗ ಬಂದಳು. ಅನಸುಬಾಯಿ ಅವಳ ಕೈ ತಡೆದಳು. "ಬ್ಯಾಡವ್ವ. ನಿವಾಳಿಸಿ ಒಗದ ತುಂಡು ನಾನೇ ಅದೀನಿ. ಗ್ರೀಕರ ದೇವಿ ಹುಡುಗಿ ಬದಲಿ ಜಿಂಕಿ ಇಟ್ಟಳಂತ. ನೀ ಆಡಿನ ಬದಲಿ ನನ್ನ ಇಟ್ಟಿ." ಬಸ್ಸಿನಲ್ಲಿ ಚಿಂಚೋಳಿಯವರೆಗೆ ಅವಳು ಅಳಲಿಲ್ಲ. ದೇವರು ತನ್ನನ್ನು ಆರಿಸಿರಲಿಲ್ಲ ಎಂಬುದು ಖಾತ್ರಿಯಾದವಳಿಗೆ ಯಾರ ಮುಂದೆ ಅಳುವುದು ಎಂದೂ ಗೊತ್ತಾಗಲಿಲ್ಲವೇನೋ. ಮರುದಿನ ಬೆಳಿಗ್ಗೆ ಎಂದಿನಂತೆ ಕೆಲಸಕ್ಕೆ ಹೋದಳು. ದವಾಖಾನೆಯ ಪ್ರಾರ್ಥನೆಯಲ್ಲಿ ಕೂರುತ್ತಿದ್ದಳು, ತುಟಿ ಮಾತ್ರ ಅಲುಗುತ್ತಿರಲಿಲ್ಲ.

ಏಳೆಂಟು ವರ್ಷದ ಮೇಲೆ ಕಾಕಾ ಸತ್ತ. ಮಣ್ಣಿಗೆ ಭಾರಿ ಮಂದಿ ಸೇರಿತ್ತು, ಹರಕೆಯ ಕಥೆಯನ್ನು ಸಿಮ್ಯಾನೇ ಎದ್ದು ನಿಂತು ಹೇಳಿದ. ಆಡು ಅದರಲ್ಲಿ ಮತ್ತೆ ಬರಲಿಲ್ಲ. ಅದೇ ವರ್ಷ ಪೀರಮ್ಮನಿಗೆ ಲಕ್ವಾ ಹೊಡೆಯಿತು. ಬಾಯಿ ಸೊಟ್ಟಗಾಯಿತು, ಬಲಗೈ ಏಳದಾಯಿತು, ಬುದ್ಧಿ ಮಾತ್ರ ಚೊಕ್ಕ ಉಳಿಯಿತು. ಸಿಮ್ಯಾನ ಹೆಂಡತಿ ನೋಡಿಕೊಳ್ಳುವುದಿಲ್ಲ ಎಂದಳು. ಅವನು ಅವ್ವನನ್ನು ಜೀಪಿನಲ್ಲಿ ಹಾಕಿ ಚಿಂಚೋಳಿಗೆ ತಂದ. "ಅಕ್ಕ, ಈ ಕೆಲಸ ನಿನಗೇ ಬರತದ" ಎಂದು ಇಳಿಸಿ ಹೋದ.

ಅನಸುಬಾಯಿ ಅವ್ವನನ್ನು ಚೆನ್ನಾಗಿ ನೋಡಿಕೊಂಡಳು. ಮೈ ಒರೆಸಿ, ಮಗ್ಗುಲು ಬದಲಿಸಿ, ಬೆನ್ನಿನಲ್ಲಿ ಒಂದು ಹುಣ್ಣೂ ಆಗದಂತೆ ನೋಡಿದಳು. ಜನ ಮತ್ತೆ ಪುಣ್ಯವಂತೆ ಎಂದರು. ದವಾಖಾನೆಯಲ್ಲಿ ಎಮ್ಮೆಯ ಹಾಲು ಬೇಕಾದಷ್ಟು ಬರುತ್ತಿತ್ತು. ಅವಳು ಅದನ್ನು ಅವ್ವನಿಗೆ ಕೊಡಲಿಲ್ಲ. ದಿನಾ ಬೆಳಿಗ್ಗೆ ಕುಂಚಾವರಂ ರಸ್ತೆಯಲ್ಲಿ ಆಡು ಹೊಡೆದುಕೊಂಡು ಹೋಗುವ ಖಾಜಾಮಿಯಾನನ್ನು ಕಾದು ನಿಂತು, ಒಂದು ಲೋಟ ಆಡಿನ ಹಾಲು ಕರೆಸಿಕೊಂಡು ಬರುತ್ತಿದ್ದಳು.

ಮೊದಲ ದಿನ ಪೀರಮ್ಮ ವಾಸನೆಗೇ ಗುರುತು ಹಿಡಿದು ಹಲ್ಲು ಕಚ್ಚಿದಳು. ಅನಸುಬಾಯಿ ಚಮಚ ಹಿಡಿದು ಕಾದಳು. ಬೇರೆ ಏನೂ ಕೊಡಲಿಲ್ಲ. ಸಂಜೆಗೆ ಹಸಿವು ಗೆದ್ದಿತು.

"ಇದು ಯಾಕ ಬೇಕು ಅನಸೂ?" ಎಂದು ನಾನು ಕೇಳಿದೆ. "ಸಾಯೂ ಮುದುಕಿಗಿ ಯಾವ ಹಾಲಾದ್ರೇನು?"

"ಸಾಯಂಗಿಲ್ಲ" ಎಂದಳು ಅನಸುಬಾಯಿ. "ನಾ ಸಾಯಾಕ ಬಿಡಂಗಿಲ್ಲ."

ಪೀರಮ್ಮ ಬಹಳ ದಿನ ಬದುಕಿದಳು. ಪ್ರತಿದಿನ ಅನಸುಬಾಯಿ ಅವಳ ತಲೆಯನ್ನು ತೋಳಿನ ಮೇಲೆ ಇಟ್ಟುಕೊಂಡು, ಕೂಸಿಗೆ ಕುಡಿಸುವಂತೆ ಚಮಚ ಚಮಚ ಕುಡಿಸುತ್ತಿದ್ದಳು, ಪ್ರತಿದಿನ ಅದೇ ಮಾತು ಹೇಳುತ್ತಿದ್ದಳು: "ಕುಡಿಯವ್ವ. ಇದರ ಮ್ಯಾಲೇ ಜೀವ ಉಳೀತದ." ಸೊಟ್ಟ ಬಾಯಿಯ ಒಂದು ಕಡೆಯಿಂದ ಹಾಲು ಇಳಿಯುತ್ತಿತ್ತು, ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅನಸುಬಾಯಿ ಎರಡನ್ನೂ ಒಂದೇ ಬಟ್ಟೆಯಿಂದ ಒರೆಸಿ, ಮತ್ತೊಂದು ಚಮಚ ತುಂಬಿಕೊಳ್ಳುತ್ತಿದ್ದಳು.